ಹೊಡೆದುಹಾಕಿದ ಉತ್ತರ

ನಾನು ಮೇಷ್ಟ್ರಾದದ್ದು ಆಸೆಪಟ್ಟಲ್ಲ. ಎಂಜಿನಿಯರಿಂಗ್ ಮುಗಿಸಿ ಒಂದು ವರ್ಷ ಕಾರ್ಖಾನೆಗಳ ಇಂಟರ್‌ವ್ಯೂಗಳಿಗೆ ಅಲೆದೆ. ಎಲ್ಲ ಕಡೆಯೂ ಬಾಯಿ ಕಟ್ಟಿ ಹೊರಗೆ ಬಂದೆ. ಉತ್ತರ ಗೊತ್ತಿರುತ್ತಿತ್ತು, ಆದರೆ ಅದು ಇಂಗ್ಲಿಷಾಗಿ ನಾಲಿಗೆಗೆ ಬರುವಷ್ಟರಲ್ಲಿ ಎದುರಿಗೆ ಕೂತವರು ಮುಂದಿನವನನ್ನು ಕರೆದಿರುತ್ತಿದ್ದರು. ಕೊನೆಗೆ ಯಶವಂತಪುರದ ಕಡೆ ಒಂದು ಸಂಜೆ ಪಾಲಿಟೆಕ್ನಿಕ್‌ನಲ್ಲಿ ತಾತ್ಕಾಲಿಕ ಕೆಲಸ ಖಾಲಿಯಿದೆ ಎಂದು ಅಪ್ಪನಿಗೆ ಯಾರೋ ಹೇಳಿದರು. ಅಪ್ಪ ಹೆಬ್ಬಾಳದ ಸಸ್ಯಕ್ಷೇತ್ರವೊಂದರಲ್ಲಿ ಮಾಲಿಯಾಗಿದ್ದರು. ಕೊಡಿಗೇಹಳ್ಳಿಯಲ್ಲಿ ನಮ್ಮ ಮನೆ. ಊರಿಗೆಲ್ಲ ನಾನೊಬ್ಬನೇ ಎಂಜಿನಿಯರು. ಅಪ್ಪ ಅದನ್ನು ಸಿಕ್ಕವರಿಗೆಲ್ಲ ಹೇಳುತ್ತಿದ್ದರು, ನಾನು ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು.

ನನಗೆ ಇದು ಬರುವುದಿಲ್ಲ ಎಂಬ ನಂಬಿಕೆ ನನ್ನೊಳಗೆ ಯಾವಾಗ ಕೂತಿತೋ ಖಚಿತವಾಗಿ ಹೇಳಲಾರೆ. ಆದರೆ ಕೊನೆಯ ವರ್ಷದ ವೈವಾ, ಆ ಮೌಖಿಕ ಪರೀಕ್ಷೆ, ನೆನಪಿದೆ. ಸರಳವಾದ ಪ್ರಶ್ನೆಯೊಂದಕ್ಕೆ ನಾನು ತಡವರಿಸಿದಾಗ ಪ್ರೊಫೆಸರರು ಕನ್ನಡದಲ್ಲೇ, "ನಿನ್ನನ್ನ ಯಾರಪ್ಪ ಇಲ್ಲಿಗೆ ಕಳಿಸಿದ್ದು? ಊರಲ್ಲಿ ದ್ರಾಕ್ಷಿ ತೋಟ ನೋಡ್ಕೊಂಡು ಇರ್ಬಾರ್ದಿತ್ತಾ?" ಅಂದರು. ಪಕ್ಕದಲ್ಲಿದ್ದ ಪರೀಕ್ಷಕರು ನಕ್ಕರು. ನಾನೂ ನಕ್ಕೆ. ಹಾಗೆ ನಕ್ಕಿದ್ದು ಬೈಸಿಕೊಂಡದ್ದಕ್ಕಿಂತ ಹೆಚ್ಚು ದಿನ ನನ್ನನ್ನು ಕಾಡಿತು.

ಪಾಲಿಟೆಕ್ನಿಕ್‌ನಲ್ಲಿ ನನಗೆ ಕೊಟ್ಟದ್ದು ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಎಂಬ ವಿಷಯ. ತೊಲೆಯೋ ಸರಳೋ ಎಷ್ಟು ಭಾರ ತಡೆಯುತ್ತದೆ, ಎಲ್ಲಿ ಬಾಗುತ್ತದೆ ಎಂಬುದರ ಲೆಕ್ಕ. ಸಂಜೆ ಆರಕ್ಕೆ ತರಗತಿ. ಶಿಫ್ಟ್ ಮುಗಿಸಿ ನೇರವಾಗಿ ಬರುವವರ ಖಾಕಿ ಬಟ್ಟೆಯಿಂದ ಗ್ರೀಸಿನ ವಾಸನೆ ಬರುತ್ತಿತ್ತು. ಅರ್ಧಕ್ಕರ್ಧ ಜನ ನನಗಿಂತ ದೊಡ್ಡವರು. ಮೊದಲ ದಿನ ಬೋರ್ಡಿನ ಕಡೆ ತಿರುಗಿ ಬರೆಯಲು ಶುರುಮಾಡಿದವನು ಗಂಟೆ ಹೊಡೆಯುವವರೆಗೂ ಈ ಕಡೆ ತಿರುಗಲಿಲ್ಲ. ಮರುದಿನವೂ ಹಾಗೆಯೇ. ಒಂದು ತಿಂಗಳು ಕಳೆಯಿತು. ಹಿಂದಿನ ಬೆಂಚುಗಳು ಖಾಲಿಯಾಗುತ್ತಾ ಬಂದವು. ರಾಜೀನಾಮೆ ಪತ್ರವನ್ನು ಮನಸ್ಸಿನಲ್ಲೇ ಎಷ್ಟೋ ಸಲ ಬರೆದೆ.

ಒಂದು ಸಂಜೆ ತರಗತಿ ಮುಗಿದ ಮೇಲೆ ಮೊದಲ ಬೆಂಚಿನಲ್ಲಿ ಕೂರುವ ಒಬ್ಬರು ಎದ್ದುಹೋಗದೆ ನಿಂತರು. ಮೂವತ್ತೆಂಟು ನಲವತ್ತು ವಯಸ್ಸು, ಕಿವಿಯ ಪಕ್ಕ ನರೆ. ಬಾಗಲಕೋಟೆ ಕಡೆಯವರು. ಯಶವಂತಪುರದ ಕಾರ್ಖಾನೆಯೊಂದರಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮೇಲೆ ಕೆಲಸ. ಡಿಪ್ಲೊಮಾದ ಉಳಿದ ವಿಷಯಗಳನ್ನೆಲ್ಲ ಮುಗಿಸಿ ಇದೊಂದರಲ್ಲಿ ಮಾತ್ರ ಮತ್ತೆ ಮತ್ತೆ ಫೇಲಾಗಿ, ಹೊಸಬರ ಜೊತೆ ಬಂದು ಕೂರುತ್ತಿದ್ದರು. ಡಿಪ್ಲೊಮಾ ಆದರೆ ಫೋರ್ಮನ್ ಮಾಡುತ್ತೇವೆಂದು ಕಾರ್ಖಾನೆಯವರು ಹೇಳಿದ್ದರಂತೆ.

"ಸರ, ಒಂದ್ ಮಾತು ಹೇಳ್ತೇನಿ, ಸಿಟ್ಟಿಗೇಳಬ್ಯಾಡ್ರಿ," ಅಂದರು.

"ಹೇಳಿ."

"ನೀವು ಗ್ವಾಡಿ ಕೂಡ ಮಾತಾಡಾಕತ್ತೀರಿ. ನಮ್ಮ ಕಡೆ ಹೊಳ್ಳಿ ನಿಂದ್ರಿ. ನಮಗೂ ತಿಳಿಯೂದಿಲ್ಲ, ನಿಮಗೂ ತಿಳಿಯೂದಿಲ್ಲ ಅಂದ್ರೂ ಅಡ್ಡಿ ಇಲ್ಲ. ಮಾರಿ ನೋಡಿ ಹೇಳ್ರಿ."

ಗೋಡೆಯ ಜೊತೆ ಮಾತಾಡುತ್ತಿದ್ದೇನೆ ಅಂದದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ. ಕಣ್ಣು ತುಂಬಿತು. ಅವರು ಅದನ್ನು ನೋಡದವರ ಹಾಗೆ ಚೀಲ ಎತ್ತಿಕೊಂಡರು. ನಾನು ಸೈಕಲ್ ತಳ್ಳಿಕೊಂಡು ಗೇಟಿನವರೆಗೆ ಅವರ ಜೊತೆ ನಡೆದೆ. ನನಗೆ ಪಾಠ ಮಾಡಲು ಬರುವುದಿಲ್ಲ, ಬಿಟ್ಟುಬಿಡುತ್ತೇನೆ ಎಂದು ಅಪ್ಪನಿಗೂ ಹೇಳದ್ದನ್ನು ಅವರಿಗೆ ಹೇಳಿದೆ. ಅವರು, "ನನಗೂ ಈ ಲೆಕ್ಕ ಬರೂದಿಲ್ರಿ. ನಮ್ಮಪ್ಪಗೂ ಬರತಿದ್ದಿಲ್ಲ. ಆದ್ರ ಬಿಡಾಕ ಮನಸ್ಸಿಲ್ಲ," ಅಂದರು.

ಆ ವಾರದಿಂದ ಅವರು ಭಾನುವಾರ ಬೆಳಿಗ್ಗೆ ಗೊರಗುಂಟೆಪಾಳ್ಯದ ತಮ್ಮ ಬಾಡಿಗೆ ಮನೆಯಿಂದ ಸೈಕಲ್ ಹೊಡೆದುಕೊಂಡು ನಮ್ಮ ಮನೆಗೆ ಬರತೊಡಗಿದರು. ಹಿತ್ತಿಲಲ್ಲಿ ದ್ರಾಕ್ಷಿ ಚಪ್ಪರದ ಕೆಳಗೆ ಚಾಪೆ ಹಾಸಿ ಕೂರುತ್ತಿದ್ದೆವು. ಪುಸ್ತಕ ತೆರೆದರೆ ಸಾಕು, ಅವರ ಮುಖ ಬಿಗಿಯುತ್ತಿತ್ತು. ಅಷ್ಟು ದೊಡ್ಡ ಮನುಷ್ಯ ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನ ಹಾಗೆ ಆಗಿಬಿಡುತ್ತಿದ್ದರು. ಒಮ್ಮೆ ಅವರ ಕಾರ್ಖಾನೆಗೆ ಹೋಗಿ ಅವರು ಕೆಲಸ ಮಾಡುವುದನ್ನು ನೋಡಿದ್ದೆ. ಲೇತಿನ ಸದ್ದು ಕೇಳಿಯೇ ಉಳಿ ಎಷ್ಟು ಆಳಕ್ಕೆ ಹೋಗುತ್ತಿದೆ ಎಂದು ಹೇಳುತ್ತಿದ್ದರು. ಅವರ ಕೈಯಿಂದ ಹೋದ ಒಂದು ಬಿಡಿಭಾಗವೂ ಇನ್‌ಸ್ಪೆಕ್ಷನ್‌ನಿಂದ ವಾಪಸು ಬಂದದ್ದಿಲ್ಲವೆಂದು ಜೊತೆಯವರು ಹೇಳಿದರು. ಸ್ವಲ್ಪ ಅನುಮಾನ ಬಂದರೂ ತಾವೇ ಅದರ ಮೇಲೆ ಸೀಮೆಸುಣ್ಣದಲ್ಲಿ ಅಡ್ಡಗೀಟು ಎಳೆದು ಪಕ್ಕಕ್ಕೆ ಇಟ್ಟುಬಿಡುತ್ತಿದ್ದರಂತೆ.

ಹಾಗಾಗಿ ಒಂದು ಭಾನುವಾರ ಪುಸ್ತಕ ಮುಚ್ಚಿದೆ. ಹಿತ್ತಿಲಲ್ಲಿ ಬಿದ್ದಿದ್ದ ಕಬ್ಬಿಣದ ಸರಳೊಂದನ್ನು ಎರಡು ಗುಂಡುಕಲ್ಲುಗಳ ಮೇಲೆ ಅಡ್ಡ ಇಟ್ಟೆ. ಈ ಕಲ್ಲಿನಿಂದ ಒಂದು ಮೊಳಕ್ಕೆ ಒಂದು ಬುಟ್ಟಿ ತೂಗುಹಾಕಿದೆ, ಆ ಕಲ್ಲಿನಿಂದ ಒಂದು ಮೊಳಕ್ಕೆ ಅಷ್ಟೇ ಭಾರದ ಇನ್ನೊಂದು ಬುಟ್ಟಿ.

"ಈಗ ಯಾವ ಕಲ್ಲಿನ ಮೇಲೆ ಎಷ್ಟು ಭಾರ?" ಅಂದೆ.

"ಎರಡೂ ಕಡೆ ಒಂದ ಸಮ ಅದಾವಲ್ರಿ. ಒಂದೊಂದು ಕಲ್ಲಿಗೆ ಒಂದೊಂದು ಬುಟ್ಟಿ."

"ಸರಳು ಎಲ್ಲಿ ಜಾಸ್ತಿ ಬಾಗೋಕೆ ನೋಡುತ್ತೆ?"

ಅವರು ಸರಳಿನ ಮೇಲೆ ಬೆರಳು ಸವರಿದರು. "ಬುಟ್ಟಿ ಕಟ್ಟಿದಲ್ಲಿ ತನಕ ಏರಕೋತ ಹೋಗ್ತೈತಿ. ಎರಡೂ ಬುಟ್ಟಿ ನಡಕ ಒಂದ ತರ ಇರ್ತೈತಿ. ಯಾಕಂದ್ರ ನಡಕ ಹೊಸಾ ಭಾರ ಏನೂ ಇಲ್ಲ."

ಪುಸ್ತಕದಲ್ಲಿ ಎರಡು ಪುಟ ಸಮೀಕರಣ ಬರೆದು ಮುಟ್ಟುವ ಉತ್ತರ ಅದು. ನಾನು ಹಾಗೆಂದೆ. ಅವರು ನಂಬಲಿಲ್ಲ. ಪುಸ್ತಕ ತೆಗೆದು ತೋರಿಸಿದೆ. ಬಹಳ ಹೊತ್ತು ಚಿತ್ರವನ್ನೂ ಸರಳನ್ನೂ ನೋಡುತ್ತಾ ಕೂತರು. ಅವತ್ತು ಅವರು ತಂದಿದ್ದ ಜೋಳದ ರೊಟ್ಟಿಯನ್ನು ಎಲ್ಲರೂ ಒಟ್ಟಿಗೆ ಕೂತು ತಿಂದೆವು. ಅಮ್ಮ ಅವರಿಗೆ ಮುದ್ದೆ ಬಡಿಸುತ್ತಾ, "ಇಂಗೆ ಕುಂತ್ರೆ ಮೇಷ್ಟ್ರು ಯಾರು, ಓದೋರು ಯಾರು ಅಂತ್ಲೇ ಗೊತ್ತಾಗಾಕಿಲ್ಲ," ಅಂದಳು. ಅವರು ನಕ್ಕರು. ಸರಳಿನ ಚಿತ್ರ ಬರೆಯುವಾಗ ಎಲ್ಲರೂ ಅದಕ್ಕೆ ಆಧಾರವಿರುವ ಜಾಗದಲ್ಲಿ ತ್ರಿಕೋನ ಹಾಕುತ್ತಾರೆ. ಅವರು ಅಂದಿನಿಂದ ಗುಂಡುಕಲ್ಲನ್ನೇ ಬರೆಯುತ್ತಿದ್ದರು.

ಮರುದಿನ ಅದೇ ಸರಳನ್ನು ಸೈಕಲ್ಲಿಗೆ ಕಟ್ಟಿಕೊಂಡು ತರಗತಿಗೆ ಹೋದೆ. ಮೇಜಿನ ಮೇಲೆ ಎರಡು ಇಟ್ಟಿಗೆ ಇಟ್ಟು ತೋರಿಸಿದೆ. ತೋರಿಸಬೇಕಾದರೆ ಅವರ ಕಡೆ ತಿರುಗಲೇಬೇಕಿತ್ತು. ಯಾರೋ ಒಬ್ಬರು ಪ್ರಶ್ನೆ ಕೇಳಿದರು. ಇನ್ನೊಬ್ಬರು ಅದಕ್ಕೆ ಉತ್ತರ ಹೇಳಿದರು. ಗಂಟೆ ಹೊಡೆದದ್ದು ನನಗೆ ಕೇಳಿಸಲಿಲ್ಲ. ಕೆಲವು ವಾರಗಳಲ್ಲಿ ಹಿಂದಿನ ಬೆಂಚುಗಳು ಮತ್ತೆ ತುಂಬಿದವು. ಮೇಷ್ಟ್ರಾಗಿ ನನಗೆ ಮುಂದೆ ಏನಾದರೂ ಒಳ್ಳೆಯ ಹೆಸರು ಬಂದಿದ್ದರೆ ಅದು ಶುರುವಾದದ್ದು ಅಲ್ಲಿಂದ.

ಆದರೆ ಒಂದು ವಿಷಯ ನಾನು ಗಮನಿಸಲಿಲ್ಲ. ಭಾನುವಾರದ ಲೆಕ್ಕಗಳನ್ನು ಅವರು ಸರಿಯಾಗಿಯೇ ಮಾಡುತ್ತಿದ್ದರು. ಮಾಡಿ ಮುಗಿಸಿದ ಮೇಲೆ ಪೆನ್ಸಿಲ್ ಮೇಲೆತ್ತಿ ನನ್ನ ಮುಖ ನೋಡುತ್ತಿದ್ದರು. "ಸರಿ ಐತೇನ್ರಿ?" ನಾನು ತಲೆಯಾಡಿಸುತ್ತಿದ್ದೆ. ಆಗಷ್ಟೇ ಉತ್ತರದ ಕೆಳಗೆ ಗೆರೆ ಎಳೆಯುತ್ತಿದ್ದರು. ನನಗೆ ಅದು ಹಿತವಾಗಿತ್ತು. ನನ್ನನ್ನು ಕೇಳಿ ನಿರ್ಧರಿಸುವವರು ಜೀವನದಲ್ಲಿ ಅವರೊಬ್ಬರೇ ಇದ್ದದ್ದು. ಪರೀಕ್ಷೆಯ ಕೋಣೆಯಲ್ಲಿ ತಲೆಯಾಡಿಸಲು ನಾನಿರುವುದಿಲ್ಲ ಎಂದು ಒಂದು ದಿನವೂ ನನಗೆ ಹೊಳೆಯಲಿಲ್ಲ.

ಅವರ ಪಾಲಿಗೆ ಅದು ಕೊನೆಯ ಅವಕಾಶ. ಆ ಸಲ ಆಗದಿದ್ದರೆ ಹೊಸ ಪಠ್ಯಕ್ರಮದಲ್ಲಿ ಮೊದಲಿನಿಂದ ಓದಬೇಕಿತ್ತು. ಪರೀಕ್ಷೆ ಮುಗಿದ ಸಂಜೆ ಗೇಟಿನ ಹತ್ತಿರ ಸಿಕ್ಕರು. "ಹೇಗಿತ್ತು?" ಅಂದೆ. "ಬರದೇನ್ರಿ, ನೋಡೂಣು," ಅಂದು ಸೈಕಲ್ ಹತ್ತಿದರು. ನಾನು ಮುಂದೆ ಕೇಳಲಿಲ್ಲ.

ಮುಂದಿನ ತಿಂಗಳು ನನ್ನನ್ನು ಮೊದಲ ಬಾರಿಗೆ ಮೌಲ್ಯಮಾಪನಕ್ಕೆ ಕರೆದರು. ನಗರದೊಳಗಿನ ಒಂದು ಹಳೆಯ ಕಟ್ಟಡದ ದೊಡ್ಡ ಹಾಲ್, ಸಾಲು ಸಾಲು ಮೇಜು, ಮೇಲೆ ಕಿರುಗುಟ್ಟುವ ಫ್ಯಾನು. ಉತ್ತರ ಪತ್ರಿಕೆಗಳ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಎರಡನೆಯ ದಿನ ಮಧ್ಯಾಹ್ನ ಒಂದು ಪತ್ರಿಕೆ ತೆರೆದೆ. ಸರಳಿನ ಚಿತ್ರ, ಅದರ ಎರಡೂ ಕೊನೆಯಲ್ಲಿ ಗುಂಡುಕಲ್ಲು.

ಪ್ರಶ್ನೆ ನಮ್ಮ ಹಿತ್ತಿಲಿನದೇ. ಸಮದೂರದಲ್ಲಿ ಎರಡು ಸಮ ಭಾರ. ಉತ್ತರ ಅರ್ಧ ಪುಟದಲ್ಲಿ ಮುಗಿದಿತ್ತು, ಸರಿಯಾಗಿತ್ತು. ಆದರೆ ಅದರ ಮೇಲೆ ಮೂಲೆಯಿಂದ ಮೂಲೆಗೆ ಸ್ಕೇಲ್ ಇಟ್ಟು ಎಳೆದ ಎರಡು ಅಡ್ಡಗೀಟು. ಅದರ ಬದಲಿಗೆ ಬೇರೆ ಉತ್ತರವನ್ನೂ ಬರೆದಿರಲಿಲ್ಲ. ಉಳಿದ ಪತ್ರಿಕೆಯ ಅಂಕಗಳನ್ನು ಕೂಡಿ ನೋಡಿದೆ. ಪಾಸಾಗಲು ಆ ಒಂದು ಉತ್ತರ ಬೇಕಿತ್ತು.

ಯಾರದೆಂದು ಗುರುತು ಸಿಕ್ಕ ಪತ್ರಿಕೆಯನ್ನು ವಾಪಸು ಕೊಡಬೇಕು ಎಂಬುದು ನಿಯಮ. ಕೊಟ್ಟಿದ್ದರೆ ಬೇರೆಯವರು ನೋಡುತ್ತಿದ್ದರು. ಇಲ್ಲವೇ ಮುಖ್ಯ ಮೌಲ್ಯಮಾಪಕರ ಬಳಿಗೆ ಹೋಗಿ, ಹೊಡೆದುಹಾಕಿದ ಉತ್ತರ ಸರಿಯಾಗಿದೆ, ಅದರ ಬದಲಿಗೆ ಬೇರೆ ಬರೆದಿಲ್ಲ, ಏನು ಮಾಡಲಿ ಎಂದು ಕೇಳಬಹುದಿತ್ತು. ಹಾಗೆ ಕೇಳಿದಾಗ ಕೆಲವೊಮ್ಮೆ ಅಂಕ ಕೊಡಿ ಎನ್ನುತ್ತಿದ್ದರೆಂದು ಆಮೇಲೆ ತಿಳಿಯಿತು. ನಾನು ಪತ್ರಿಕೆ ಹಿಡಿದು ಎದ್ದೆ ಕೂಡ. ಮುಖ್ಯ ಮೌಲ್ಯಮಾಪಕರು ಹಾಲ್‌ನ ಆ ಕೊನೆಯಲ್ಲಿ ಕೂತಿದ್ದರು. ಯಾರಿಗೋ ಏನೋ ಹೇಳುತ್ತಾ ಕನ್ನಡಕದ ಮೇಲಿಂದ ನನ್ನ ಕಡೆ ನೋಡಿದರು. ಆ ನೋಟ ವೈವಾದ ದಿನದ್ದು ಅನಿಸಿತು. ಆ ಪ್ರೊಫೆಸರರು ಬೇರೆ, ಇವರು ಬೇರೆ. ಆದರೂ ನನ್ನ ಕಾಲು ನಿಂತಿತು.

ನಿಂತಲ್ಲೇ ಇನ್ನೊಂದು ಯೋಚನೆ ಬಂತು. ಮಾದರಿ ಉತ್ತರದಲ್ಲಿ ಹಂತ ಹಂತವಾಗಿ ಸಮೀಕರಣಗಳಿದ್ದವು, ಹಂತಕ್ಕಿಷ್ಟು ಅಂಕ. ಈ ಪತ್ರಿಕೆಯ ಉತ್ತರದಲ್ಲಿ ಹಂತಗಳಿರಲಿಲ್ಲ. ಎರಡೂ ಕಡೆ ಒಂದೇ ಸಮ ಇರುವುದರಿಂದ ಎಂದು ಒಂದು ಸಾಲು, ಆಮೇಲೆ ಉತ್ತರ. ಅದು ನಾನು ಕಲಿಸಿದ ದಾರಿ. ಇದೆಂಥ ಮೆಥಡ್, ಯಾರು ಹೇಳಿಕೊಟ್ಟದ್ದು ಎಂದು ಕೇಳಿದರೆ ಏನು ಹೇಳಲಿ? ಹಿತ್ತಿಲಲ್ಲಿ ಬುಟ್ಟಿ ತೂಗುಹಾಕಿ ಕಲಿಸಿದೆ ಎನ್ನಲೇ? ಆ ದಾರಿ ಸರಿಯೆಂದು ಹಿಂದಿನ ದಿನದವರೆಗೆ ನನಗೆ ಗೊತ್ತಿತ್ತು. ಅಲ್ಲಿ ನಿಂತಾಗ ಗೊತ್ತಿರಲಿಲ್ಲ.

ವಾಪಸು ಬಂದು ಕೂತೆ. ಆ ಪ್ರಶ್ನೆಯ ಎದುರು ಸೊನ್ನೆ ಬರೆದೆ. ಸಹಿ ಮಾಡಿ ಪತ್ರಿಕೆಯನ್ನು ಕಟ್ಟಿನಲ್ಲಿ ಸೇರಿಸಿದೆ. ಪಕ್ಕದವರು ಕಾಫಿಗೆ ಕರೆದರು, ಹೋದೆ.

ಫಲಿತಾಂಶ ಬಂದ ಮೇಲೆ ಅವರು ಒಮ್ಮೆ ಪಾಲಿಟೆಕ್ನಿಕ್‌ಗೆ ಬಂದರು, ಸರ್ಟಿಫಿಕೇಟುಗಳನ್ನು ವಾಪಸು ಪಡೆಯಲು. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೈಮುಗಿದರು.

"ಆಗಲಿಲ್ರಿ ಸರ. ನಿಮ್ಮ ತಪ್ಪೇನಿಲ್ಲ. ನೀವು ಎಷ್ಟು ಹೇಳಿಕೊಟ್ರಿ. ನನ್ನ ತಲ್ಯಾಗ ಇದು ಹೋಗೂದಿಲ್ಲ ಅಂತ ಖಾತ್ರಿ ಆತು."

ಆಗಲೂ ನಾನು ಹೇಳಲಿಲ್ಲ. ಭಾನುವಾರ ಬನ್ನಿ ಎಂದೆ. ಬರುತ್ತೇನೆ ಎಂದರು, ಬರಲಿಲ್ಲ. ಅವರ ಕಾರ್ಖಾನೆಯಲ್ಲಿ ಅವರ ಕೈಕೆಳಗೆ ಕೆಲಸ ಕಲಿತ ಇನ್ನೊಬ್ಬರು ಫೋರ್ಮನ್ ಆದರೆಂದು ತರಗತಿಯಲ್ಲಿ ಯಾರೋ ಹೇಳಿದರು.

ಆರೇಳು ವರ್ಷ ಕಳೆದವು. ನನ್ನ ಕೆಲಸ ಕಾಯಂ ಆಯಿತು, ಮದುವೆ ಆಯಿತು. ಹಗಲಿನ ತರಗತಿಗಳೂ ಸಿಕ್ಕವು. ನನ್ನ ಪಾಠ ಚೆನ್ನಾಗಿರುತ್ತದೆಂದು ಬೇರೆ ಸೆಕ್ಷನ್ನಿನವರೂ ಬಂದು ಕೂರುತ್ತಿದ್ದರು. ಸರಳಿನ ಪಾಠ ಬಂದಾಗಲೆಲ್ಲ ಮೊದಲ ಬೆಂಚಿನ ಕಡೆ ನೋಡದೆ ಪಾಠ ಮಾಡುತ್ತಿದ್ದೆ. ಕೊನೆಗೊಂದು ಭಾನುವಾರ ಮಧ್ಯಾಹ್ನ ತಡೆಯಲಾರದೆ ಗೊರಗುಂಟೆಪಾಳ್ಯಕ್ಕೆ ಹೋದೆ.

ಮನೆ ಅದೇ. ಅವರು ಬಾಗಿಲಲ್ಲೇ ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಎದ್ದು ನಿಂತು, ಒಳಗೆ ಕರೆದು ಕುರ್ಚಿ ಹಾಕಿದರು. ಅವರ ಹೆಂಡತಿ ಒಲೆಯ ಮುಂದಿನಿಂದಲೇ "ಆರಾಮದೀರೇನ್ರಿ?" ಅಂದರು. ಅವರು ಎದುರಿಗೆ ಕೂತು ನನ್ನ ಅಮ್ಮನ ಬಗ್ಗೆ, ದ್ರಾಕ್ಷಿ ಚಪ್ಪರದ ಬಗ್ಗೆ ವಿಚಾರಿಸಿದರು. ಚಪ್ಪರ ಇಲ್ಲ, ಜಾಗ ಸೈಟಾಯಿತು ಎಂದೆ. ಮಗಳೆಲ್ಲಿ ಎಂದು ಕೇಳಿದೆ. ಅವಳು ಚಿಕ್ಕವಳಿದ್ದಾಗ ಒಂದೆರಡು ಸಲ ಅಪ್ಪನ ಸೈಕಲ್ ಮೇಲೆ ನಮ್ಮ ಮನೆಗೆ ಬಂದಿದ್ದಳು. ಸರಳಿಗೆ ಬುಟ್ಟಿ ಕಟ್ಟಲು ತಾನೇ ಮುಂದೆ ಬರುತ್ತಿದ್ದಳು.

"ಲಗ್ನ ಆತ್ರಿ, ಹೋದ ವರ್ಷ. ಇಳಕಲ್ಲಿಗೆ ಕೊಟ್ಟೇವಿ," ಅಂದರು.

ಕಾಫಿ ಬಂತು. ಕುಡಿಯದೆ ಎಲ್ಲವನ್ನೂ ಹೇಳಿದೆ. ಪತ್ರಿಕೆ ನನ್ನ ಕೈಗೇ ಬಂದಿತ್ತು, ಉತ್ತರ ಸರಿಯಿತ್ತು, ಕೇಳಲು ಎದ್ದವನು ಕೇಳದೆ ಬಂದು ಸೊನ್ನೆ ಹಾಕಿದೆ.

ಅವರು ಎದ್ದರು. ಗೂಡಿನಲ್ಲಿದ್ದ ಪೆನ್ಸಿಲ್ ತೆಗೆದುಕೊಂಡರು. ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ ನೆಲದ ಮೇಲೆ ಹಾಸಿದರು. ಸರಳು ಬರೆದರು, ಕಲ್ಲು ಬರೆದರು, ಎರಡು ಭಾರ ಬರೆದರು. ಕೈ ಎಲ್ಲೂ ತಡೆಯಲಿಲ್ಲ. ಎರಡು ನಿಮಿಷದಲ್ಲಿ ಉತ್ತರ ಬಂತು.

"ಇದ ಏನ್ರಿ?"

"ಇದೇ."

"ಇದು ಸರಿ ಇತ್ತು?"

"ಸರಿ ಇತ್ತು. ಯಾಕೆ ಹೊಡೆದುಹಾಕಿದ್ರಿ?"

ಅವರು ಹಾಳೆ ನೋಡುತ್ತಲೇ ಹೇಳಿದರು. "ಆಜೂಬಾಜೂ ಕುಂತಾವ್ರು ಎಲ್ಲಾರೂ ಇನ್ನೊಂದ್ ಹಾಳಿ, ಇನ್ನೊಂದ್ ಹಾಳಿ ಅಂತ ಕೇಳಾಕತ್ತಿದ್ರು. ನನ್ನದು ಅರ್ಧಾ ಪುಟದಾಗ ಮುಗದಿತ್ತು. ನನಗ ಬರೂವಷ್ಟು ಸಸಾರ ಇದ್ರ ಅದು ತಪ್ಪ ಇರಬೇಕು ಅನ್ನಸ್ತು. ತಪ್ಪ ಬರದು ಕೊಡೂದ್ಕಿಂತ ನಾನ ಹೊಡದ್ ಹಾಕೂದು ಚಲೋ ಅಂತ ಗೀಟ ಎಳದ್ನಿ."

ಅಷ್ಟರಲ್ಲಿ ಅವರ ಹೆಂಡತಿ ಒಲೆ ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದರು. ನನ್ನ ಕಡೆ ನೋಡಲಿಲ್ಲ, ಗಂಡನನ್ನೇ ನೋಡುತ್ತಿದ್ದರು.

"ಹಂಗಾರ ಆ ಹುಡುಗಿ ಓದು ಯಾಕ ಬಿಡಿಸಿದ್ರಿ?" ಅಂದರು.

ಅವರು ಪೆನ್ಸಿಲನ್ನು ಹಾಳೆಯ ಮೇಲೆ ಇಟ್ಟರು.

ಆಮೇಲೆ ಆಕೆಯೇ ನನಗೆ ಹೇಳಿದರು. ಮಗಳು ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ಶಾಲೆಗೇ ಮೊದಲು ಬಂದಿದ್ದಳಂತೆ. ಡಿಪ್ಲೊಮಾ ಮಾಡುತ್ತೇನೆ, ಅಪ್ಪನ ಹಾಗೆ ಮೆಷಿನ್ನಿನ ಕೆಲಸವೇ ಬೇಕು ಎಂದು ಹಟ ಮಾಡಿದಳಂತೆ. ಅರ್ಜಿ ಫಾರಂ ಕೂಡ ತಂದಿದ್ದಳು. ಇವರು ಸಹಿ ಮಾಡಲಿಲ್ಲ. ಈಗ ಬರುತ್ತದೆ, ಮುಂದೆ ಬರುವುದಿಲ್ಲ, ಆ ಲೆಕ್ಕ ನಮ್ಮ ಮನೆತನಕ್ಕೆ ಆಗಿಬರುವುದಿಲ್ಲ, ನಾನು ಪಟ್ಟದ್ದು ಸಾಕು, ನೀನೂ ಪಡಬೇಡ ಎಂದರಂತೆ. ಟೈಪಿಂಗ್ ಕಲಿಯಲು ಹಾಕಿದರು. ಎರಡು ವರ್ಷ ಕಲಿತಳು. ಸಂಬಂಧ ಬಂತು, ಕೊಟ್ಟರು.

"ಭಾಳ ಅತ್ತಿದ್ಲ್ರಿ," ಅಂದರು ಆಕೆ. "ಇವರ ಮ್ಯಾಲಿನ ಪ್ರೀತಿಗೆ ಎದುರು ಮಾತಾಡಲಿಲ್ಲ."

ಸೊನ್ನೆ ಹಾಕಿದ ಮಧ್ಯಾಹ್ನ ನನ್ನ ಮುಂದೆ ಇದ್ದದ್ದು ಒಬ್ಬ ಮನುಷ್ಯನ ಪತ್ರಿಕೆ ಎಂದುಕೊಂಡಿದ್ದೆ.

ಅವರು ನನ್ನನ್ನು ಬಸ್ ಸ್ಟಾಪಿನವರೆಗೆ ಬಿಡಲು ಬಂದರು. ತುಮಕೂರು ರಸ್ತೆಯ ಲಾರಿಗಳ ಸದ್ದಿನಲ್ಲಿ ಇಬ್ಬರೂ ನಡೆದೆವು. ಸ್ಟಾಪಿನಲ್ಲಿ ನಿಂತ ಮೇಲೆ, "ತಪ್ಪಾಯ್ತು," ಎಂದೆ. ಎಷ್ಟೋ ವರ್ಷದಿಂದ ಹೇಳಬೇಕೆಂದುಕೊಂಡಿದ್ದ ಮಾತು, ಹೇಳಿದಾಗ ತೀರ ಸಣ್ಣದೆನಿಸಿತು.

"ನೀವೊಂದ್ ಮಾತು ಹೇಳ್ರಿ ಸರ," ಅಂದರು. "ಅವತ್ತ ನಿಮಗ ಗೊತ್ತಿತ್ತೇನ್ರಿ, ಸರಿ ಐತಿ ಅಂತ?"

"ಗೊತ್ತಿತ್ತು. ಎದ್ದು ನಿಂತ ಮೇಲೆ ಅನುಮಾನ ಬಂತು."

"ನನಗೂ ಹಂಗ ಆಗಿತ್ರಿ," ಅಂದರು. ರಸ್ತೆಯ ಕಡೆ ತಿರುಗಿ, "ನೀವು ಬಂದು ಹೇಳಿದ್ದು ಚಲೋನ ಆತು ಅಂತ ಹೇಳಬೇಕು. ಆದ್ರ ಇವತ್ತ ನನಗ ಹಂಗ ಅನಿಸವಲ್ದು. ಬರೂದಿಲ್ಲ ಅಂತ ತಿಳಕೊಂಡು ಸುಮ್ಮ ಇದ್ನಿ. ಈಗ ಹೆಂಗ ಸುಮ್ಮ ಇರಬೇಕೋ ಗೊತ್ತಿಲ್ಲ," ಅಂದರು.

ಬಸ್ಸು ಬಂತು. ಅವರು ಕೈಮುಗಿಯಲು ಹೋದರು. ನಾನು ಅವರ ಕೈ ಹಿಡಿದುಕೊಂಡೆ. ಬಸ್ಸಿನಲ್ಲಿ ಜಾಗ ಇತ್ತು, ಕೂರಲಿಲ್ಲ.

ಅದಾದ ಮೇಲೆ ಅವರಿಗೊಂದು ಪತ್ರ ಬರೆದೆ. ಹೊಸ ಪಠ್ಯಕ್ರಮದಲ್ಲಿ ಮತ್ತೆ ಸೇರಬಹುದು, ಅರ್ಜಿ ನಾನೇ ತಂದುಕೊಡುತ್ತೇನೆ, ಮಗಳು ಒಪ್ಪಿದರೆ ಅವಳಿಗೂ ಅಂಚೆಯ ಮೂಲಕ ಓದುವ ದಾರಿ ಹುಡುಕೋಣ ಎಂದು. ಉತ್ತರ ಬರಲು ಎರಡು ತಿಂಗಳಾಯಿತು. ಪೋಸ್ಟ್ ಕಾರ್ಡಿನಲ್ಲಿ ಅದೇ ಅಚ್ಚುಕಟ್ಟಾದ ಅಕ್ಷರ. ತಮಗೆ ಇನ್ನು ಓದುವ ಮನಸ್ಸಿಲ್ಲ ಎಂದಿದ್ದರು. ಮಗಳಿಗೆ ವಿಷಯ ತಿಳಿಸಬೇಕೋ ಬೇಡವೋ ಎಂದು ಗಂಡಹೆಂಡತಿಯ ನಡುವೆ ಇನ್ನೂ ತೀರ್ಮಾನವಾಗಿಲ್ಲ, ಅವಳು ಈಗ ಬಸುರಿ, ಸದ್ಯಕ್ಕೆ ಹೇಳುವುದು ಬೇಡ ಎಂದುಕೊಂಡಿದ್ದೇವೆ ಎಂದು ಬರೆದಿದ್ದರು. ನನ್ನ ಅಮ್ಮನಿಗೆ ನಮಸ್ಕಾರ ತಿಳಿಸಿದ್ದರು.

ಕೊನೆಗೆ ಅವರು ಅವಳಿಗೆ ಹೇಳಿದರೋ ಇಲ್ಲವೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ನನಗೆ ಬರಲಿಲ್ಲ.